ಟವರಿನ ಬುದ್ಧಿ ಎಲ್ಲಿರಬೇಕು?

ಮೊಬೈಲ್ ಟವರ್ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಕಬ್ಬಿಣದ ಕಂಬ ಮತ್ತು ಅದರ ತುದಿಗೆ ಕಟ್ಟಿದ ಉದ್ದನೆಯ ಬಿಳಿ ಆಂಟೆನಾಗಳು. ಅವು ಟವರಿನ ಕಿವಿ ಮತ್ತು ಬಾಯಿ. ಕೇಳಿಸಿಕೊಂಡದ್ದನ್ನು ಅರ್ಥ ಮಾಡಿಕೊಳ್ಳುವುದು, ಸದ್ದುಗದ್ದಲದಿಂದ ಮಾತನ್ನು ಬೇರ್ಪಡಿಸುವುದು, ನೂರಾರು ಫೋನ್‌ಗಳಲ್ಲಿ ಯಾವುದಕ್ಕೆ ಯಾವ ಕ್ಷಣದಲ್ಲಿ ಸರದಿ ಕೊಡಬೇಕೆಂದು ತೀರ್ಮಾನಿಸುವುದು ಇವೆಲ್ಲ ಅವುಗಳ ಕೆಲಸವಲ್ಲ. ಅದು ನಡೆಯುವುದು ಕಂಬದ ಬುಡದಲ್ಲಿ ಬೀಗ ಹಾಕಿಟ್ಟ ಪೆಟ್ಟಿಗೆಯಲ್ಲಿ. ನಮ್ಮ ಕಸುಬಿನಲ್ಲಿ ಅದಕ್ಕೆ ಬೇಸ್‌ಬ್ಯಾಂಡ್ ಎನ್ನುತ್ತಾರೆ. ಟವರಿನ ಬುದ್ಧಿ ಎಂದರೂ ಸರಿಯೇ.

ಈ ಪೆಟ್ಟಿಗೆ ಟವರಿನ ಬುಡದಲ್ಲೇ ಯಾಕಿರಬೇಕು? ಹತ್ತಾರು ಟವರ್‌ಗಳ ಪೆಟ್ಟಿಗೆಗಳನ್ನು ತೆಗೆದು ಒಂದೇ ಕೋಣೆಯಲ್ಲಿ ಇಟ್ಟರೆ ಹೇಗೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೆಟ್ಟಿಗೆಯನ್ನೇ ಬಿಟ್ಟು, ಅದು ಮಾಡುವ ಕೆಲಸವನ್ನು ಸಾಫ್ಟ್‌ವೇರ್ ಆಗಿ ಬರೆದು ಸಾಮಾನ್ಯ ಸರ್ವರ್‌ಗಳ ಮೇಲೆ ಓಡಿಸಿದರೆ ಹೇಗೆ? ಈ ಪ್ರಶ್ನೆಗಳ ಸುತ್ತ ಬೆಳೆದ ತಂತ್ರಜ್ಞಾನಕ್ಕೆ ಕ್ಲೌಡ್ ರೇಡಿಯೋ ಆಕ್ಸೆಸ್ ನೆಟ್‌ವರ್ಕ್ ಎಂದು ಹೆಸರು. ಚಿಕ್ಕದಾಗಿ ಕ್ಲೌಡ್ ರ್‍ಯಾನ್. ನವಿ ಮುಂಬೈಯ ಐರೋಲಿಯಲ್ಲಿ ಕೂತು ನಾನು ಹೊಟ್ಟೆ ಹೊರೆಯುವುದು ಇದರಿಂದಲೇ. ಬೇಸ್‌ಬ್ಯಾಂಡ್ ಕೆಲಸ ಮಾಡುವ ಸಾಫ್ಟ್‌ವೇರ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ.

ಇದು ಎಲ್ಲಿಂದ ಶುರುವಾಯಿತೆಂದು ತಿಳಿಯಲು 2ಜಿ ಕಾಲದ ಟವರ್‌ಗಳನ್ನು ನೆನಪಿಸಿಕೊಳ್ಳಬೇಕು. ಕಂಬದ ಪಕ್ಕ ಒಂದು ಪುಟ್ಟ ಕೋಣೆ, ಒಳಗೆ ಬೀರುವಿನಷ್ಟು ದೊಡ್ಡ ಯಂತ್ರಗಳು, ಅವು ಬಿಸಿಯಾಗದಿರಲು ಎಸಿ, ಎಸಿಗೆ ಕರೆಂಟು, ಕರೆಂಟು ಹೋದರೆ ಡೀಸೆಲ್ ಜನರೇಟರ್. ಕೋಣೆಯಿಂದ ಆಂಟೆನಾವರೆಗೆ ಮಣಿಕಟ್ಟಿನ ದಪ್ಪದ ಕೇಬಲ್. ಆ ಕೇಬಲ್ ಹತ್ತಿ ಮೇಲೆ ಮುಟ್ಟುವ ಹೊತ್ತಿಗೆ ಕೆಲವು ಕಡೆ ಸಂಕೇತದ ಅರ್ಧದಷ್ಟು ಶಕ್ತಿ ದಾರಿಯಲ್ಲೇ ಕರಗಿಹೋಗುತ್ತಿತ್ತು. ಆಮೇಲೆ ಎಂಜಿನಿಯರ್‌ಗಳು ರೇಡಿಯೋ ಭಾಗವನ್ನು ಬೇರ್ಪಡಿಸಿ ಕಂಬದ ಮೇಲೆ, ಆಂಟೆನಾದ ಬೆನ್ನಿಗೇ ಕಟ್ಟಿದರು. ದಪ್ಪ ಕೇಬಲ್ ಹೋಗಿ ಕೂದಲೆಳೆಯಂಥ ಫೈಬರ್ ಬಂತು. ಫೈಬರ್‌ನಲ್ಲಿ ಮೂವತ್ತು ಮೀಟರಿಗೂ ಮೂರು ಕಿಲೋಮೀಟರಿಗೂ ಅಂಥ ವ್ಯತ್ಯಾಸವಿಲ್ಲ. ಹಾಗಾದರೆ ಬುಡದ ಪೆಟ್ಟಿಗೆ ಬುಡದಲ್ಲೇ ಇರಬೇಕೆಂಬ ಹಟ ಯಾಕೆ ಎಂಬ ಯೋಚನೆ ಬಂದದ್ದು ಸಹಜ.

ಈ ಯೋಚನೆಯನ್ನು ದೊಡ್ಡ ದನಿಯಲ್ಲಿ ಹೇಳಿದ್ದು ಚೀನಾ ಮೊಬೈಲ್ ಕಂಪನಿಯ ಸಂಶೋಧನಾ ವಿಭಾಗ. 2010-11ರಲ್ಲಿ ಅವರು ಹೊರತಂದ ಶ್ವೇತಪತ್ರದಲ್ಲಿ ಸಿ-ರ್‍ಯಾನ್ ಎಂಬ ಹೆಸರಿನ ‘ಸಿ’ ಅಕ್ಷರಕ್ಕೆ ನಾಲ್ಕು ಅರ್ಥ ಕೊಟ್ಟಿದ್ದರು: ಸೆಂಟ್ರಲೈಸ್ಡ್, ಕೋಆಪರೇಟಿವ್, ಕ್ಲೌಡ್, ಕ್ಲೀನ್. ಒಂದೆಡೆ ಸೇರಿಸುವುದು, ಟವರ್‌ಗಳು ಪರಸ್ಪರ ಸಹಕರಿಸುವುದು, ಕ್ಲೌಡ್ ಮೇಲೆ ಓಡಿಸುವುದು, ವಿದ್ಯುತ್ ಉಳಿಸುವುದು. ಆ ಶ್ವೇತಪತ್ರದ ಮುಖ್ಯ ವಾದಗಳಲ್ಲಿ ಒಂದನ್ನು ಅರ್ಥ ಮಾಡಿಕೊಳ್ಳಲು ಮುಂಬೈಯವರಿಗೆ ಎಂಜಿನಿಯರಿಂಗ್ ಓದೇ ಬೇಕಿಲ್ಲ, ಲೋಕಲ್ ಟ್ರೇನ್ ಪಾಸ್ ಇದ್ದರೆ ಸಾಕು.

ಬೆಳಿಗ್ಗೆ ಎಂಟು ಗಂಟೆಗೆ ಡೊಂಬಿವಿಲಿಯ ಪ್ಲಾಟ್‌ಫಾರ್ಮ್ ನೋಡಿ. ಇಡೀ ಊರು ದಕ್ಷಿಣಕ್ಕೆ ಹರಿಯುತ್ತಿರುತ್ತದೆ. ಹನ್ನೊಂದರ ಹೊತ್ತಿಗೆ ಡೊಂಬಿವಿಲಿಯ ಟವರ್‌ಗಳು ಆಕಳಿಸುತ್ತಿದ್ದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಟವರ್‌ಗಳು ಬೆವರುತ್ತಿರುತ್ತವೆ. ರಾತ್ರಿ ಹತ್ತಕ್ಕೆ ಲೆಕ್ಕ ತಿರುವುಮುರುವು. ಜನ ಒಂದೇ, ಫೋನ್‌ಗಳೂ ಅವೇ. ಆದರೆ ಪೆಟ್ಟಿಗೆಗಳು ಟವರ್ ಬುಡದಲ್ಲಿ ಕೂತಿರುವಾಗ ಎರಡೂ ಕಡೆ ಅತಿ ಹೆಚ್ಚು ಜನಸಂದಣಿಗೆ ತಕ್ಕಷ್ಟು ಸಾಮರ್ಥ್ಯ ಇಡಬೇಕು. ಅರ್ಧ ದಿನ ಒಂದು ಖಾಲಿ, ಉಳಿದರ್ಧ ಇನ್ನೊಂದು ಖಾಲಿ. ಹತ್ತಿರಹತ್ತಿರದ ಟವರ್‌ಗಳ ಲೆಕ್ಕಾಚಾರವೆಲ್ಲ ಒಂದೇ ಕೋಣೆಯಲ್ಲಿದ್ದರೆ, ಇಲ್ಲಿ ಬಿಡುವಾದ ಸರ್ವರ್ ಅಲ್ಲಿಗೆ ದುಡಿಯುತ್ತದೆ. ಒಟ್ಟು ಯಂತ್ರ ಕಡಿಮೆ, ಕರೆಂಟು ಕಡಿಮೆ.

ಇನ್ನೊಂದು ಲಾಭವೂ ಉಂಟು. 4ಜಿ ಬಂದಮೇಲೆ ಅಕ್ಕಪಕ್ಕದ ಟವರ್‌ಗಳು ಒಂದೇ ತರಂಗಾಂತರವನ್ನು ಬಳಸುತ್ತವೆ. ಎರಡು ಟವರ್‌ಗಳ ನಡುವಿನ ಗಡಿಯಲ್ಲಿ ನಿಂತ ಫೋನಿಗೆ ಎರಡೂ ಕಡೆಯ ಮಾತು ಒಟ್ಟಿಗೆ ಕಿವಿಗೆ ಬಿದ್ದು ಗೊಂದಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಸಿಗ್ನಲ್ ಪೂರ್ತಿ ತೋರಿಸಿದರೂ ವಿಡಿಯೋ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎರಡೂ ಟವರ್‌ಗಳ ಬುದ್ಧಿ ಒಂದೇ ಕೋಣೆಯಲ್ಲಿ ಕೂತಿದ್ದರೆ ‘ಈ ಕ್ಷಣ ನೀನು ಸುಮ್ಮನಿರು, ನಾನು ಮಾತಾಡುತ್ತೇನೆ’ ಎಂದು ಒಪ್ಪಂದ ಮಾಡಿಕೊಳ್ಳಲು ತಡವಾಗುವುದಿಲ್ಲ. ಮೊಬೈಲ್ ಕಂಪನಿಯೊಂದರ ಕರೆಂಟು ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಈ ಟವರ್ ಜಾಲಕ್ಕೇ ಹೋಗುವುದರಿಂದ, ಉಳಿತಾಯದ ಮಾತು ಬಂದಾಗ ಎಲ್ಲರ ಕಣ್ಣೂ ಇಲ್ಲಿಗೇ ಬೀಳುತ್ತದೆ.

ಇಷ್ಟೆಲ್ಲ ಒಳ್ಳೆಯದಿದ್ದರೆ ಎಲ್ಲ ಟವರ್‌ಗಳ ಬುದ್ಧಿಯನ್ನೂ ಯಾಕೆ ಒಂದೆಡೆ ತಂದಿಲ್ಲ? ಎರಡು ತೊಡಕುಗಳಿವೆ. ಒಂದು ಭಾರದ್ದು, ಇನ್ನೊಂದು ಹೊತ್ತಿನದು.

ಭಾರದ್ದು ಹೀಗೆ. ಆಂಟೆನಾ ಕೇಳಿಸಿಕೊಂಡದ್ದನ್ನು ಅರ್ಥ ಮಾಡಿಕೊಳ್ಳದೆ ಹಾಗೆಹಾಗೇ ದೂರದ ಕೋಣೆಗೆ ಕಳಿಸಬೇಕೆಂದರೆ, ಅಲೆಯ ಏರಿಳಿತವನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಆ ಅಂಕಿಗಳನ್ನೆಲ್ಲ ಸಾಗಿಸಬೇಕು. 20 ಮೆಗಾಹರ್ಟ್ಸ್‌ನ 4ಜಿ, ಎರಡು ಆಂಟೆನಾ ಎಂದಿಟ್ಟುಕೊಳ್ಳಿ. ಬಳಕೆದಾರರಿಗೆ ತಲುಪುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಅದಕ್ಕಾಗಿ ಟವರ್ ಮತ್ತು ಕೋಣೆಯ ನಡುವಿನ ಫೈಬರ್‌ನಲ್ಲಿ ಹರಿಯಬೇಕಾದದ್ದು 2,457 ಮೆಗಾಬಿಟ್. ಹದಿನಾರು ಪಟ್ಟು! 5ಜಿಯ 100 ಮೆಗಾಹರ್ಟ್ಸ್, 64 ಆಂಟೆನಾ ರೇಡಿಯೋಗೆ ಇದೇ ಲೆಕ್ಕ ಹಾಕಿದರೆ ಸೆಕೆಂಡಿಗೆ 300 ಗಿಗಾಬಿಟ್ ದಾಟುತ್ತದೆ. ಒಂದು ರೇಡಿಯೋಗೆ ಅಷ್ಟು ಸಾಮರ್ಥ್ಯದ ಫೈಬರ್ ದಾರಿ ಕೊಡುವುದು ಯಾವ ಕಂಪನಿಗೂ ಗಿಟ್ಟುವ ಮಾತಲ್ಲ.

ಹೊತ್ತಿನದು ಇನ್ನೂ ಕಟ್ಟುನಿಟ್ಟು. 4ಜಿ ಫೋನ್ ಒಂದು ತುಣುಕು ಮಾಹಿತಿ ಕಳಿಸಿದರೆ ‘ಸಿಕ್ಕಿತು’ ಅಥವಾ ‘ಸಿಗಲಿಲ್ಲ’ ಎಂಬ ಉತ್ತರ 4 ಮಿಲಿಸೆಕೆಂಡಿಗೆ ಹೊರಡಬೇಕು. ಅದರಲ್ಲಿ ಬಹುಪಾಲು ಲೆಕ್ಕಾಚಾರಕ್ಕೇ ಖರ್ಚಾಗುತ್ತದೆ. ಹೋಗಿಬರುವ ದಾರಿಗೆ ಉಳಿಯುವುದು ಪುಡಿಗಾಸು. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು 5 ಮೈಕ್ರೋಸೆಕೆಂಡ್ ಬೇಕು. ಹಾಗಾಗಿ ಬುದ್ಧಿಯನ್ನು ಪೂರ್ತಿ ಒಯ್ದಿಡುವ ಕೋಣೆ ಸಾಮಾನ್ಯವಾಗಿ ಟವರಿನಿಂದ 20 ಕಿಲೋಮೀಟರ್ ಒಳಗಿರಬೇಕು. ನನ್ನೂರು ಬೈಲಹೊಂಗಲದ ಕಡೆ. ಇಲ್ಲಿಂದ 500 ಕಿಲೋಮೀಟರ್ ಮೇಲೆಯೇ ಇದೆ. ನೇರ ಫೈಬರ್ ಎಳೆದರೂ ಹೋಗಿಬರಲು ಬೆಳಕಿಗೇ 5 ಮಿಲಿಸೆಕೆಂಡ್. ಲೆಕ್ಕಾಚಾರ ಶುರುವಾಗುವ ಮೊದಲೇ ಗಡುವು ಮುಗಿದಿರುತ್ತದೆ. ದುಡ್ಡು ಸುರಿದು ಬಗೆಹರಿಸುವ ತೊಡಕಲ್ಲ ಇದು. ಬೆಳಕಿಗಿಂತ ಬೇಗ ಓಡುವ ನೌಕರ ಯಾರಿಗೂ ಸಿಕ್ಕಿಲ್ಲ.

ಹಾಗಾದರೆ ದಾರಿ? ಬುದ್ಧಿಯನ್ನು ಪಾಲು ಮಾಡುವುದು. ಮಾಟುಂಗಾದ ಉಡುಪಿ ಹೋಟೆಲಿನವರು ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ. ನಾಲ್ಕು ಕಡೆ ಹೋಟೆಲಿದ್ದರೆ ನಾಲ್ಕೂ ಕಡೆ ರುಬ್ಬಬೇಕಿಲ್ಲ. ಒಂದೆಡೆ ರುಬ್ಬಿ ಹಿಟ್ಟು ಕಳಿಸಿದರಾಯಿತು. ಆದರೆ ದೋಸೆ ಮಾತ್ರ ಗಿರಾಕಿ ಕೂತಲ್ಲೇ ಕಾವಲಿಯ ಮೇಲೆ ಏಳಬೇಕು. ಮಾಟುಂಗಾದಲ್ಲಿ ಹುಯ್ದ ದೋಸೆ ಮುಲುಂದಕ್ಕೆ ಬಂದರೆ ಅದನ್ನು ಯಾರು ತಿನ್ನುತ್ತಾರೆ? ಯಾವ ಕೆಲಸ ದೂರದಲ್ಲಾಗಬಹುದು, ಯಾವುದು ಹತ್ತಿರದಲ್ಲೇ ಆಗಬೇಕು ಎಂಬ ಗೆರೆ ಎಳೆಯುವುದೇ ಈ ವಿದ್ಯೆಯ ತಿರುಳು. 3ಜಿಪಿಪಿ ಎಂಬ ಮೊಬೈಲ್ ಮಾನದಂಡಗಳ ಸಂಸ್ಥೆ ಹೀಗೆ ಗೆರೆ ಎಳೆಯಬಹುದಾದ ಎಂಟು ಜಾಗಗಳನ್ನು ಪಟ್ಟಿ ಮಾಡಿತು. ಈಗ ಬುದ್ಧಿಗೆ ಮೂರು ಪಾಲು: ಕಂಬದ ಮೇಲಿನ ರೇಡಿಯೋ ಯೂನಿಟ್, ಗಡುವಿನ ಕೆಲಸಗಳನ್ನು ಮಾಡುವ ಡಿಸ್ಟ್ರಿಬ್ಯೂಟೆಡ್ ಯೂನಿಟ್, ನಿಧಾನಕ್ಕಾದರೂ ನಡೆಯುವ ಕೆಲಸಗಳ ಸೆಂಟ್ರಲ್ ಯೂನಿಟ್. ಡಿಯು, ಸಿಯು ಎನ್ನುತ್ತೇವೆ. ಸಿಯು ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ ನಡೆಯುತ್ತದೆ. ಡಿಯುಗೆ ಆ ಸ್ವಾತಂತ್ರ್ಯವಿಲ್ಲ.

2018ರ ಫೆಬ್ರವರಿಯಲ್ಲಿ ಎಟಿ ಅಂಡ್ ಟಿ, ಚೀನಾ ಮೊಬೈಲ್, ಡಾಯ್ಚ ಟೆಲಿಕಾಮ್, ಎನ್‌ಟಿಟಿ ಡೊಕೊಮೊ, ಆರೆಂಜ್ ಸೇರಿ ಒ-ರ್‍ಯಾನ್ ಅಲಯನ್ಸ್ ಕಟ್ಟಿದವು. ಒಬ್ಬರ ರೇಡಿಯೋ, ಇನ್ನೊಬ್ಬರ ಡಿಯು ಜೋಡಿಸಿದರೂ ಕೆಲಸ ಮಾಡಬೇಕೆಂಬುದು ಅವರ ಉದ್ದೇಶ. ಅಲ್ಲಿಯವರೆಗೆ ಒಂದು ಕಂಪನಿಯ ರೇಡಿಯೋ ಕೊಂಡರೆ ಪೆಟ್ಟಿಗೆಯೂ ಅವರದೇ ಕೊಳ್ಳಬೇಕಿತ್ತು. 2020ರ ಏಪ್ರಿಲ್‌ನಲ್ಲಿ ಜಪಾನಿನ ರಾಕುಟೆನ್ ಹಳೆಯ ಪೆಟ್ಟಿಗೆಗಳ ಗೊಡವೆಯೇ ಇಲ್ಲದೆ ಪೂರ್ತಿ ಸಾಫ್ಟ್‌ವೇರ್ ಮೇಲೆ ನಡೆಯುವ ಜಾಲವನ್ನು ದೇಶಮಟ್ಟದಲ್ಲಿ ಶುರುಮಾಡಿತು. ತಾಂತ್ರಿಕವಾಗಿ ಅದು ನಡೆದು ತೋರಿಸಿತು. ಮೊಬೈಲ್ ವ್ಯವಹಾರದಲ್ಲಿ ಮಾತ್ರ ವರ್ಷಗಟ್ಟಲೆ ನಷ್ಟ ನುಂಗಿತು. ಅಮೆರಿಕದ ಡಿಶ್ 2022ರಲ್ಲಿ ಲಾಸ್ ವೇಗಸ್‌ನಿಂದ ಆರಂಭಿಸಿ ಅಮೆಜಾನ್‌ನ ಕ್ಲೌಡ್ ಮೇಲೆ 5ಜಿ ಕಟ್ಟಿತು. 2025ರಲ್ಲಿ ಅದರ ಮಾತೃಸಂಸ್ಥೆ ತರಂಗಾಂತರದ ದೊಡ್ಡ ಪಾಲನ್ನು ಎಟಿ ಅಂಡ್ ಟಿಗೆ ಮಾರುವುದಾಗಿ ಘೋಷಿಸಿತು. ತಂತ್ರಜ್ಞಾನ ಗೆದ್ದರೂ ಅಂಗಡಿ ಸೋಲಬಹುದು ಎಂಬುದಕ್ಕೆ ಇವೆರಡು ಉದಾಹರಣೆ ಸಾಕು.

ಇಷ್ಟನ್ನೂ ನಾನು ಊರಿಗೆ ಹೋದಾಗ ನಮ್ಮ ಕಾಕಾನಿಗೆ ವಿವರಿಸಲು ಹೋಗುತ್ತೇನೆ. ಕಾಕಾ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಇಲಾಖೆ ಬಿಎಸ್‌ಎನ್‌ಎಲ್ ಆದದ್ದನ್ನು ಕಂಡು, 2020ರ ಜನವರಿ ಕೊನೆಗೆ ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ಜನ ಸ್ವಯಂ ನಿವೃತ್ತಿ ತೆಗೆದುಕೊಂಡರಲ್ಲ, ಅವರ ಜೊತೆ ಹೊರಬಂದವರು. ನನ್ನ ವಿವರಣೆಯನ್ನು ತಾಳ್ಮೆಯಿಂದ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲೋ ತಮ್ಮಾ, ಕಂಬ ನಮ್ಮೂರಾಗ, ಅದರ ಬುದ್ಧಿ ಮತ್ತೆಲ್ಲೋ. ಕೆಟ್ಟರ ಯಾರ ಬರ್ತಾರ?”

“ಕಾಕಾ, ಕೆಟ್ಟಿದ್ದು ನಿಮಗಿಂತ ಮೊದಲ ನಮಗ ಗೊತ್ತಾಗತೈತ್ರಿ.”

“ಗೊತ್ತಾಗೂದು ಬ್ಯಾರೆ, ಬರೂದು ಬ್ಯಾರೆ.”

ಕಾಕಾ ಹೀಗೆ ಕೇಳುವುದಕ್ಕೆ ಹಿನ್ನೆಲೆಯಿದೆ. ಚೆನ್ನಮ್ಮನ ಕಿತ್ತೂರು ನಮ್ಮೂರಿಗೆ ಹತ್ತಿರ. ದೂರವಾಣಿ ಇತಿಹಾಸದಲ್ಲಿಯೂ ಕಿತ್ತೂರಿಗೆ ಒಂದು ಜಾಗವಿದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ರೂರಲ್ ಆಟೊಮ್ಯಾಟಿಕ್ ಎಕ್ಸ್‌ಚೇಂಜ್, ರ್‍ಯಾಕ್ಸ್ ಎಂದು ಕರೆಯುತ್ತಿದ್ದರು. ಅದು ಮೊದಲು ಕೆಲಸ ಶುರುಮಾಡಿದ್ದು 1986ರ ಜುಲೈನಲ್ಲಿ, ಕಿತ್ತೂರಿನಲ್ಲಿ. ಪರದೇಶದ ಎಕ್ಸ್‌ಚೇಂಜ್‌ಗಳು ತಂಪು ಕೋಣೆ, ದೊಡ್ಡ ನಗರ, ಸಾವಿರಾರು ಗಿರಾಕಿಗಳನ್ನು ಬೇಡುತ್ತಿದ್ದ ಕಾಲವದು. ರ್‍ಯಾಕ್ಸ್‌ಗೆ ಎಸಿ ಬೇಡ. ನಮ್ಮ ಬಿಸಿಲು, ನಮ್ಮ ದೂಳು ತಡೆದುಕೊಂಡು ನಡೆಯುವಂತೆಯೇ ಅದನ್ನು ಮಾಡಿದ್ದರು. ಮುಂದೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದದ್ದರ ಹಿಂದೆ ಈ ಡಬ್ಬಿಯ ಪಾಲು ದೊಡ್ಡದು.

ಕಾಕಾ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳವು. ಅವರಿಗೆ ನೆನಪಿರುವುದು ತಂತ್ರಜ್ಞಾನವಲ್ಲ. ಊರೊಳಗಿನ ಫೋನ್ ಊರೊಳಗೇ ಹೋಗುತ್ತಿತ್ತು ಎಂಬುದು. ಮಳೆಗಾಲದಲ್ಲಿ ಹೊರಗಿನ ಟ್ರಂಕ್ ಲೈನ್ ಕಡಿದುಬಿದ್ದರೂ ಅಂಗಡಿಯಿಂದ ದವಾಖಾನೆಗೆ, ದವಾಖಾನೆಯಿಂದ ಪೊಲೀಸ್ ಠಾಣೆಗೆ ಗಂಟೆ ಬಾರಿಸುತ್ತಿತ್ತು. ಎಕ್ಸ್‌ಚೇಂಜಿನ ಬುದ್ಧಿ ಊರಲ್ಲೇ ಇತ್ತಲ್ಲ, ಅದಕ್ಕೆ. ಇವತ್ತು ನಮ್ಮೂರಲ್ಲಿ ಅಕ್ಕಪಕ್ಕದ ಎರಡು ಮನೆಗಳು ಮೊಬೈಲಿನಲ್ಲಿ ಮಾತಾಡಿದರೂ ಆ ಕರೆ ದೂರದ ನಗರದ ಕೋರ್ ನೆಟ್‌ವರ್ಕ್‌ವರೆಗೆ ಹೋಗಿ ತಿರುಗಿ ಬರಬೇಕು. ನಡುವಿನ ಕೊಂಡಿ ಕಡಿದರೆ ಟವರಿಗೆ ಕರೆಂಟಿದ್ದರೂ ಅದು ಬರಿಯ ಕಂಬ.

ಇದನ್ನು ನಾನು ಹಳೆಯ ಕಾಲದ ಹೊಗಳಿಕೆಯಾಗಿ ಹೇಳುತ್ತಿಲ್ಲ. ಆಗ ಫೋನಿಗೆ ವರ್ಷಗಟ್ಟಲೆ ಕಾಯಬೇಕಿತ್ತು ಎಂಬುದನ್ನು ಕಾಕಾನೇ ಒಪ್ಪುತ್ತಾರೆ. ಆದರೆ ಮೂರು ವರ್ಷದ ಹಿಂದಿನ ಒಂದು ಮಳೆಗಾಲದ ರಾತ್ರಿ ನಮ್ಮ ಮನೆಗೆ ಈ ಪ್ರಶ್ನೆ ಬೇರೆ ರೀತಿಯಲ್ಲಿ ಬಂತು. ಸಂಜೆ ಗಾಳಿಮಳೆಗೆ ಕರೆಂಟು ಹೋಗಿತ್ತು. ಊರಿಗಿರುವುದು ಒಂದೇ ಟವರ್, ಎಲ್ಲ ಕಂಪನಿಗಳ ಆಂಟೆನಾವೂ ಅದರ ಮೇಲೇ. ರಾತ್ರಿ ಹತ್ತರ ಹೊತ್ತಿಗೆ ಅದರ ಬ್ಯಾಟರಿ ಮುಗಿಯಿತು. ಹನ್ನೊಂದೂವರೆಗೆ ಅಪ್ಪನಿಗೆ ಎದೆನೋವು ಬಂತು. ಅವ್ವ ಒಂದಾದ ಮೇಲೊಂದು ಫೋನ್ ಹಿಡಿದು ನೋಡಿದಳು, ಯಾವುದರಲ್ಲೂ ಒಂದು ಗೆರೆ ಸಿಗ್ನಲ್ ಇಲ್ಲ. ಪಕ್ಕದ ಮನೆಯ ಹುಡುಗ ಬೈಕ್ ಹತ್ತಿ ಮಳೆಯಲ್ಲಿ ಹೆದ್ದಾರಿಯ ಕಡೆ ಹೋಗಿ, ಸಿಗ್ನಲ್ ಸಿಕ್ಕಲ್ಲಿ ನಿಂತು 108ಕ್ಕೆ ಫೋನ್ ಮಾಡಿದ. ಅಪ್ಪನನ್ನು ಧಾರವಾಡಕ್ಕೆ ಮುಟ್ಟಿಸಿದಾಗ ಬೆಳಗಿನ ಜಾವ. ಉಳಿದುಕೊಂಡರು. ನನಗೆ ಸುದ್ದಿ ಗೊತ್ತಾದದ್ದು ಆಸ್ಪತ್ರೆಯಿಂದ. ಅದೇ ರಾತ್ರಿ ಪಾಳಿಯಲ್ಲಿ ನಾನು ಪರದೆಯ ಮೇಲೆ ನೂರಾರು ಟವರ್‌ಗಳ ಅಲಾರಂ ನೋಡುತ್ತ ಕೂತಿದ್ದೆ. ಅವು ಬೇರೆ ಕಂಪನಿಯವು, ಬೇರೆ ಊರಿನವು.

ಆ ರಾತ್ರಿ ನಮ್ಮೂರಿಗೆ ಬೇಕಿದ್ದದ್ದು ಒಂದು ಒಳ್ಳೆಯ ಬ್ಯಾಟರಿ. ಕ್ಲೌಡ್ ಅಲ್ಲ. ಹಾಗೆಂದು ಇಲ್ಲಿಗೇ ಮಾತು ಮುಗಿಸಿದರೆ ನನ್ನ ಕಸುಬಿಗೆ ಅನ್ಯಾಯವಾದೀತು. ಯಾಕೆಂದರೆ ಟವರ್ ಬುಡದ ಪೆಟ್ಟಿಗೆ ಹೊರಟುಹೋದರೆ ಅದು ತಿನ್ನುತ್ತಿದ್ದ ಕರೆಂಟೂ ಉಳಿಯುತ್ತದೆ, ಅದೇ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಕರೆಂಟು ಪದೇಪದೇ ಹೋಗುವ ಹಳ್ಳಿಯ ಟವರಿಗೇ ಈ ಲಾಭ ಎಲ್ಲರಿಗಿಂತ ಹೆಚ್ಚು ಬೇಕು. ಆದರೆ ಬುದ್ಧಿಯನ್ನು ಒಯ್ಯಲು ಫೈಬರ್ ಬೇಕಲ್ಲ! ನಮ್ಮೂರ ಟವರಿಗೆ ಫೈಬರ್ ಇಲ್ಲ. ತಟ್ಟೆಯಂಥ ಮೈಕ್ರೋವೇವ್ ಆಂಟೆನಾ ಮುಂದಿನ ಟವರನ್ನು ನೋಡುತ್ತ ನಿಂತಿದೆ, ಅಷ್ಟೇ. ಅದರ ಮೂಲಕ ಗಿಗಾಬಿಟ್ಟುಗಟ್ಟಲೆ ಕಚ್ಚಾ ಅಲೆ ಕಳಿಸಲಾಗದು. ಕೇಂದ್ರ ಸರ್ಕಾರ 2019ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್ ಘೋಷಿಸಿದಾಗ ದೇಶದ ಟವರ್‌ಗಳಲ್ಲಿ ಫೈಬರ್ ಇದ್ದದ್ದು ಶೇ. 30ರಷ್ಟಕ್ಕೆ, ಅದನ್ನು ಶೇ. 70ಕ್ಕೆ ಏರಿಸುವ ಗುರಿ ಹಾಕಿಕೊಂಡಿತು. ಆ 70 ಇನ್ನೂ ದೂರದಲ್ಲೇ ಇದೆ. ಹೀಗೆ, ಉಪಯೋಗ ಯಾರಿಗೆ ಹೆಚ್ಚೋ ಅವರಿಗೆ ದಾರಿಯಿಲ್ಲ, ದಾರಿ ಇರುವ ನಗರದವರಿಗೆ ಅದು ಖರ್ಚು ಉಳಿಸುವ ಉಪಾಯ.

ಫೈಬರ್ ಬಂದರೂ ಇನ್ನೊಂದು ಮಾತಿದೆ. ಹಲವು ಟವರ್‌ಗಳ ಬುದ್ಧಿ ಒಂದೇ ಕೋಣೆಯಲ್ಲಿದ್ದಾಗ ರಸ್ತೆ ಅಗಲ ಮಾಡಲು ಬಂದ ಜೆಸಿಬಿಯ ಒಂದು ಹಲ್ಲು ಸಾಕು. ನಾವು ಒಂದು ನಗರದ ಹೊರವಲಯದಲ್ಲಿ ಇಂಥ ಗುಂಪನ್ನು ಪರೀಕ್ಷಿಸುತ್ತಿದ್ದಾಗ ಹಾಗೇ ಆಯಿತು. ಒಂದೇ ಗುಂಡಿ, ಹದಿನೆಂಟು ಟವರ್ ಒಟ್ಟಿಗೆ ಸತ್ತವು. ಎರಡನೆಯ ಫೈಬರ್ ದಾರಿ ನಕ್ಷೆಯಲ್ಲಿ ಇತ್ತು. ನೆಲದಲ್ಲಿ ಅದೂ ಅದೇ ಪೈಪಿನಲ್ಲಿ ಮಲಗಿತ್ತು. ಹಳೆಯ ಪದ್ಧತಿಯಲ್ಲಿ ಒಂದು ಪೆಟ್ಟಿಗೆ ಕೆಟ್ಟರೆ ಒಂದು ಟವರ್ ಹೋಗುತ್ತಿತ್ತು, ಪಕ್ಕದ್ದು ಅಷ್ಟಿಷ್ಟು ಆಸರೆ ಕೊಡುತ್ತಿತ್ತು.

ಟವರಿಗೆ ಹೋಗುವ ಹುಡುಗರ ವಿಷಯವೂ ಇದಕ್ಕೆ ಸೇರಿಕೊಂಡಿದೆ. ಆ ದಿನ ಗುಂಡಿಯ ಹತ್ತಿರ ನಿಂತಿದ್ದ ಟೆಕ್ನಿಷಿಯನ್ ವಿಜಯಪುರದ ಕಡೆಯವನು. ಫೋನಿನಲ್ಲಿ ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಹೊರಳಿದ. “ಸರ್, ಮೊದಲ ಲ್ಯಾಪ್‌ಟಾಪ್ ಹಚ್ಚಿ ನಾವ ನೋಡತಿದ್ವಿ, ಯಾವ ಕಾರ್ಡ್ ಹೋಗೇತಿ ಅಂತ. ಈಗ ನೀವು ತೆಗಿ ಅಂದ್ರ ತೆಗೀತೀವಿ, ಹಾಕು ಅಂದ್ರ ಹಾಕ್ತೀವಿ,” ಅಂದ. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಆದರೆ ನನಗದು ದೂರಾಗಿಯೇ ಕೇಳಿಸಿತು. ಟವರಿನ ಬುದ್ಧಿ ಜಾಗ ಬದಲಿಸಿದಾಗ ಅದರ ಜೊತೆ ಟವರ್ ಬುಡದಲ್ಲಿ ನಿಲ್ಲುವ ಮನುಷ್ಯನ ತಿಳಿವಳಿಕೆಯೂ, ಸಂಬಳವೂ ಜಾಗ ಬದಲಿಸುತ್ತದೆ. ಐರೋಲಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ನನ್ನಂಥವರಿಗೆ ಕೆಲಸ ಹುಟ್ಟಿದ್ದು ಹೀಗೆಯೇ. ಊರು ಬಿಟ್ಟು ಬಂದು ಊರಿಗೆ ದುಡ್ಡು ಕಳಿಸುವ ನಮಗೆ ಈ ಲೆಕ್ಕ ಹೊಸದೇನಲ್ಲ.

ಈಗ ನನಗೆ ತಿಳಿದ ಉತ್ತರ ಹೇಳುತ್ತೇನೆ. ನಗರದಲ್ಲಿ, ಫೈಬರ್ ಇರುವಲ್ಲಿ, ಟವರ್‌ಗಳು ಒತ್ತೊತ್ತಾಗಿರುವಲ್ಲಿ ಬುದ್ಧಿಯನ್ನು ಒಂದೆಡೆ ಕೂಡಿಸುವುದು ಸರಿ. ಎರಡನೆಯ ಫೈಬರ್ ದಾರಿ ನಿಜಕ್ಕೂ ಬೇರೆ ದಾರಿಯಾಗಿರಬೇಕು, ಅಷ್ಟೇ. ಹಳ್ಳಿಯಲ್ಲಿ ಡಿಯು ಕಂಬದ ಬುಡದಲ್ಲೇ ಇರಲಿ. ಆದರೆ ಅದು ನಗರದ ಸರ್ವರಿನ ನಕಲಾಗಿರಬಾರದು. ಎಸಿ ಬೇಡದ, ಬಿಸಿಲು-ದೂಳಿಗೆ ಅಂಜದ, ಕಡಿಮೆ ಕರೆಂಟು ತಿನ್ನುವ, ಊರಿನ ಹುಡುಗನೇ ಬಿಚ್ಚಿ ಜೋಡಿಸಬಹುದಾದ ಸಣ್ಣ ಪೆಟ್ಟಿಗೆ ಬೇಕು. ಗಡುವಿಲ್ಲದ ಕೆಲಸಗಳ ಸಿಯು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೂ ಆದೀತು, ಅದಕ್ಕೆ ಮೈಕ್ರೋವೇವ್ ಕೊಂಡಿ ಸಾಕಾಗುತ್ತದೆ. ಹೊರಗಿನ ಕೊಂಡಿ ಕಡಿದರೆ ಊರೊಳಗಿನ ಕರೆ ಊರೊಳಗೇ ನಡೆಯುವ ವ್ಯವಸ್ಥೆಯೂ ಕನಸೇನಲ್ಲ. ವಿಪತ್ತಿನ ಹೊತ್ತಿನಲ್ಲಿ ಪೊಲೀಸರು, ಅಗ್ನಿಶಾಮಕ ದಳದವರು ಬಳಸಲೆಂದು 3ಜಿಪಿಪಿ ಹತ್ತು ವರ್ಷದ ಹಿಂದೆಯೇ, ರಿಲೀಸ್ 13ರಲ್ಲಿ, ಕಡಿದುಹೋದ ಟವರ್ ತನ್ನಷ್ಟಕ್ಕೆ ಸೇವೆ ಕೊಡುವ ವಿಧಾನವನ್ನು ಸೇರಿಸಿದೆ. ಅದನ್ನು ಹಳ್ಳಿಯ ದವಾಖಾನೆಗೂ ಆಂಬುಲೆನ್ಸಿಗೂ ಒದಗಿಸಬೇಕೆಂದು ಕೇಳುವವರು ಬೇಕು.

ಇದನ್ನು ಮಾಡುವ ಕೈಗಳು ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. 97 ಸಾವಿರಕ್ಕೂ ಹೆಚ್ಚು ಟವರ್‌ಗಳು. ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಿಸಿದ್ದು ಟಿಸಿಎಸ್, ಕೋರ್ ನೆಟ್‌ವರ್ಕ್ ಸಿ-ಡಾಟ್‌ನದು. ಹೌದು, ಕಿತ್ತೂರಿಗೆ ರ್‍ಯಾಕ್ಸ್ ತಂದಿಟ್ಟ ಅದೇ ಸಿ-ಡಾಟ್. ಕಾಕಾ ಟಿವಿಯಲ್ಲಿ ಆ ಹೆಸರು ಕೇಳಿ ನನಗೆ ಫೋನ್ ಮಾಡಿದ್ದರು. “ನಮ್ಮ ಸಿ-ಡಾಟ್ ಇನ್ನೂ ಐತೇನೋ!” ಎಂದು ಹಳೆಯ ಗೆಳೆಯನನ್ನು ಕಂಡವರ ಹಾಗೆ ಖುಷಿಪಟ್ಟರು.

ನಮ್ಮ ಕಚೇರಿಯ ಯೋಜನೆಗಳ ಸ್ಲೈಡ್‌ಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಮೊದಲ ಹಂತ ಮಹಾನಗರ, ಎರಡನೆಯದು ಜಿಲ್ಲಾ ಕೇಂದ್ರ, ಮೂರನೆಯದು ಗ್ರಾಮೀಣ. ಮೊದಲೆರಡು ಅಂಕಣಗಳ ತುಂಬ ಅಂಕಿಗಳು. ಮೂರನೆಯದರಲ್ಲಿ ‘ನಂತರ’ ಎಂಬ ಒಂದೇ ಪದ. ಕಳೆದ ತಿಂಗಳು ಹೊಸ ವಿನ್ಯಾಸದ ಚರ್ಚೆಯಲ್ಲಿ ಮೂರನೆಯ ಅಂಕಣವನ್ನೇ ಮೊದಲು ತುಂಬೋಣ ಎಂದೆ. ಕರೆಂಟು ದಿನಕ್ಕೆ ಎಷ್ಟು ತಾಸು ಇರುತ್ತದೆ, ಬ್ಯಾಟರಿ ಎಷ್ಟು ತಾಸು ತಡೆಯಬೇಕು, ಕೊಂಡಿ ಕಡಿದರೆ ಏನೇನು ನಡೆಯುತ್ತಿರಬೇಕು, ಅಲ್ಲಿ ನಿಲ್ಲುವವನಿಗೆ ಏನು ಗೊತ್ತಿರಬೇಕು ಎಂದು ನಾಲ್ಕು ಸಾಲು ಬರೆದು ಕಳಿಸಿದ್ದೇನೆ. ಮ್ಯಾನೇಜರ್ ಓದಿ, ಇದಕ್ಕೆ ಗಿರಾಕಿ ಯಾರು ಎಂದು ಕೇಳಿದ್ದಾರೆ. ನಾನು ನಮ್ಮ ತಾಲ್ಲೂಕಿನ ಹೆಸರು ಹೇಳಿದೆ. ಮುಂದಿನ ಸಭೆ ಸೋಮವಾರ.